ಮುನ್ನೂರು ಕಿಲೋಮೀಟರ್, ನಲವತ್ತೇ ನಿಮಿಷ

ಕ್ಷೌರದಂಗಡಿಯ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಣ್ಣನನ್ನು ಒಂದು ಮಾತು ಕೇಳದೆ ತಮ್ಮ ತಿರುಗುವ ಕುರ್ಚಿ ತಂದದ್ದೇ ಕಾರಣ. ಅಂದಿನಿಂದ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದು, ಅತ್ತ ಒಬ್ಬ ಇತ್ತ ಒಬ್ಬ ಕತ್ತರಿ ಆಡಿಸುತ್ತಿದ್ದರು.

ಬೇರೆ ಊರಿನಲ್ಲಿದ್ದ ಅಕ್ಕ ಮಗಳ ಮದುವೆಗೆಂದು ಇಬ್ಬರಿಗೂ ವಿಮಾನದ ಟಿಕೆಟ್ ಮಾಡಿಸಿದಳು. ಬೇಕೆಂದೇ ಪಕ್ಕಪಕ್ಕದ ಸೀಟು. ಅಣ್ಣ ಫೋನಿನಲ್ಲೇ ಹಾರಾಡಿದ.

“ಅವನ ಪಕ್ಕ ನಾನು ಕೂರಲ್ಲ ಕಣಕ್ಕ!”

“ಆ ಏರ್‌ಪೋರ್ಟಿಂದ ಈ ಏರ್‌ಪೋರ್ಟಿಗೆ ಮುನ್ನೂರು ಕಿಲೋಮೀಟರ್ ಕಣೋ. ನಲವತ್ತೇ ನಿಮಿಷ. ಅಷ್ಟು ಹೊತ್ತು ಸಹಿಸ್ಕೊಂಡ್ರೆ ಸವೆದುಹೋಗ್ತೀಯಾ?”

ಇಬ್ಬರಿಗೂ ಅದು ಮೊದಲ ವಿಮಾನ. ಕಿಟಕಿ ಸೀಟು ತಮ್ಮನ ಪಾಲಾಗಿದ್ದು ನೋಡಿ ಅಣ್ಣನಿಗೆ ಮೈಯೆಲ್ಲ ಉರಿಯಿತು. ನೀರು ಕೊಡಲು ಬಂದ ಗಗನಸಖಿಯನ್ನು ತಡೆದ.

“ಈ ಮನುಷ್ಯನಿಗೆ ಮೊಣಕೈ ತೆಗೆಯೋಕೆ ಹೇಳಮ್ಮ.”

“ಅವರ ಅರ್ಧ ಮೈ ನನ್ನ ಸೀಟಲ್ಲಿದೆ ಅಂತ ಅವರಿಗೂ ಹೇಳಿ,” ಎಂದ ತಮ್ಮ, ಕಿಟಕಿಯಿಂದ ಕಣ್ಣು ಕೀಳದೆ.

“ಇಬ್ಬರೂ ಒಂದೇ ಅಚ್ಚು. ಅಣ್ಣತಮ್ಮಂದಿರಾ?”

“ಅಲ್ಲ!” ಎಂದರು ಇಬ್ಬರೂ ಒಟ್ಟಿಗೆ.

ನಲವತ್ತು ನಿಮಿಷ ಕಳೆಯಿತು. ಅಕ್ಕನ ಊರಿನ ಮೇಲೆ ದಟ್ಟ ಮಂಜು ಕವಿದಿದೆ, ಕೆಳಗಿಳಿಯುವ ಹಾಗಿಲ್ಲ ಎಂದು ಪ್ರಕಟಣೆ ಬಂತು. ವಿಮಾನ ಸುತ್ತು ಹಾಕತೊಡಗಿತು. ಮೂರನೆಯ ಸುತ್ತಿಗೆ ಒಮ್ಮೆಲೇ ಧಡಕ್ಕನೆ ಕುಸಿದಂತಾದಾಗ ಅಣ್ಣ ತಮ್ಮನ ಕೈಯನ್ನು ಗಬಕ್ಕನೆ ಹಿಡಿದುಕೊಂಡ.

“ಬಿದ್ದೋಗ್ತೀವೇನೋ?”

“ನನ್ನ ಕೇಳಿದ್ರೆ? ನಾನೇನು ಓಡಿಸ್ತಾ ಇದೀನಾ?”

“ನಾನಾದ್ರೂ ಕೇಳ್ತೀನಪ್ಪ! ನೀನು ಕುರ್ಚಿ ತರೋವಾಗ ಕೇಳಿದ್ಯಾ?”

“ನಿನ್ನ ಸೊಂಟನೋವಿಗೇ ತಂದಿದ್ದು ಅದು! ಗಿರಾಕಿನೇ ತಿರುಗಿಸಿದ್ರೆ ನೀನು ಸುತ್ತೋದು ತಪ್ಪುತ್ತೆ ಅಂತ.”

“ಆವತ್ತೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ರೋಗ?”

“ಹೇಳೋಕೆ ಬಿಟ್ಯಾ ನೀನು? ಮಧ್ಯಾಹ್ನಕ್ಕೇ ಬಡಗಿ ಬಂದು ನಿಂತಿದ್ದ!”

ಅಣ್ಣ ಸೋಲೊಪ್ಪುವ ಆಸಾಮಿಯಲ್ಲ. ಕುರ್ಚಿಯ ಬಣ್ಣ ಕೆಟ್ಟದಾಗಿತ್ತು ಎಂದು ಹೊಸ ಜಗಳ ತೆಗೆದ. ಈ ಗಲಾಟೆಯಲ್ಲಿ ಮುಂದಿನ ಪ್ರಕಟಣೆ ಇಬ್ಬರ ಕಿವಿಗೂ ಬೀಳಲಿಲ್ಲ. ವಿಮಾನ ಇಳಿಯಿತು. ಜಗಳವಾಡುತ್ತಲೇ ಹೊರಬಂದರು.

“ಅಕ್ಕನ ಊರೂ ನಮ್ಮೂರಿನ ಥರಾನೇ ಇದೆ ನೋಡು,” ಎಂದ ಅಣ್ಣ.

ಅಷ್ಟರಲ್ಲಿ ಟ್ಯಾಕ್ಸಿಯವನೊಬ್ಬ ತಲೆ ಹೊರಹಾಕಿ, “ಏನಣ್ಣ, ಇವತ್ತು ಎರಡೂ ಕಡೆ ಅಂಗಡಿಗೆ ರಜಾನಾ?” ಎಂದ.

ವಿಮಾನ ಮಂಜಿಗೆ ಹೆದರಿ ಹೊರಟಲ್ಲಿಗೇ ವಾಪಸ್ ಬಂದಿತ್ತು.

ಅಕ್ಕನ ಊರಿಗೆ ಅದೇ ಟ್ಯಾಕ್ಸಿ ಹತ್ತಿದರು. ದಾರಿಯುದ್ದಕ್ಕೂ ಬಾಕಿಯಿದ್ದ ಜಗಳಗಳನ್ನೆಲ್ಲ ಒಂದೊಂದಾಗಿ ಆಡಿ ಮುಗಿಸಿದರು. ನಡುವೆ ಅಣ್ಣನಿಗೆ ಜೊಂಪು ಹತ್ತಿ ತಲೆ ತಮ್ಮನ ಭುಜಕ್ಕೆ ವಾಲಿತು. ತಮ್ಮ ಅಲುಗಾಡದೆ ಕುಳಿತು, ಮೆಲ್ಲಗೆ ಓಡಿಸುವಂತೆ ಟ್ಯಾಕ್ಸಿಯವನಿಗೆ ಸನ್ನೆ ಮಾಡಿದ.

ಸಂಜೆ ಅಕ್ಕ ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೇ ಶುರುಮಾಡಿದರು. ಅಣ್ಣ ಹೇಳಿದ್ದನ್ನು ತಮ್ಮ ತಿದ್ದಿದ, ತಮ್ಮ ಹೇಳಿದ್ದನ್ನು ಅಣ್ಣ ಸುಳ್ಳೆಂದ. ಅಕ್ಕನಿಗೆ ಒಂದು ಮಾತೂ ತಿಳಿಯಲಿಲ್ಲ. ಒಳಗೆ ನೂರು ಕೆಲಸ ಬಿದ್ದಿದ್ದರೂ ಹೊಸ್ತಿಲ ಮೇಲೆ ಕುಕ್ಕರಿಸಿ, ಸೆರಗಿನಿಂದ ಕಣ್ಣೊರೆಸುತ್ತ, “ಮೊದಲಿಂದ ಹೇಳ್ರೋ,” ಎಂದಳು.