ಕರೆದರೂ ತಿರುಗದ ಚಿನ್ನು

ಮಂಚಮ್ಮನ ಮೊಮ್ಮಗಳು ಚಿನ್ನುವಿಗೆ ಎರಡೂವರೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿತ್ತು. ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿತ್ತು.

ಯಾರಾದರೂ ಕೇಳಿದರೆ ಮಂಚಮ್ಮ ಸೀರೆ ಸೆರಗು ಕೊಡವಿ ಎದ್ದು ನಿಲ್ಲುತ್ತಿದ್ದಳು. "ಇವ್ರಪ್ಪನೂ ಮೂರು ವರ್ಸಕ್ಕೇ ಮಾತಾಡಿದ್ದು. ಈಗ ನೋಡಿ, ಮುಚ್ಚು ಅಂದ್ರೂ ಬಾಯಿ ಮುಚ್ಚಕ್ಕಿಲ್ಲ!"

ಮಂಚಮ್ಮನ ಮನೆ ಬೂಕನಕೆರೆಯಿಂದ ಸ್ವಲ್ಪ ಒಳಗಿರುವ ಒಂದು ಸಣ್ಣ ಊರಿನಲ್ಲಿ, ಕೊನೆಯ ಬೀದಿಯಲ್ಲಿ. ಮಗ ಪುಟ್ಟರಾಜು ಲಾರಿಗೆ ಕಬ್ಬು ತುಂಬುವ ಕೂಲಿಗೆ ಹೋಗುತ್ತಾನೆ. ಸೊಸೆ ಸ್ನೇಹ ಕಳೆ ಕೀಳಲು, ನಾಟಿ ಹಾಕಲು ಹೋಗುತ್ತಾಳೆ. ಮನೆಯಲ್ಲಿ ಉಳಿಯುವವರು ಮಂಚಮ್ಮ, ಒಂದು ಎಮ್ಮೆ, ಮತ್ತೆ ಈ ಚಿನ್ನು. ಮೂವರಲ್ಲಿ ಹೇಳಿದ ಮಾತು ಕೇಳುವುದು ಎಮ್ಮೆ ಒಂದೇ ಎಂದು ಮಂಚಮ್ಮ ನಗುತ್ತಿದ್ದಳು.

ಒಂದು ದಿನ ಮಾತ್ರ ನಗು ಬರಲಿಲ್ಲ. ಚಿನ್ನು ರಸ್ತೆ ಬದಿಯಲ್ಲಿ ಕೂತು ಮಣ್ಣು ಕೆದಕುತ್ತಿತ್ತು. ಕಬ್ಬಿನ ಟ್ರಾಕ್ಟರು ಬಂತು. ಡ್ರೈವರು ಒಂದು ಸಲ ಹಾರನ್ನು ಹೊಡೆದ, ಎರಡು ಸಲ ಹೊಡೆದ, ಒತ್ತಿದ ಕೈ ತೆಗೆಯಲೇ ಇಲ್ಲ. ಮಗು ತಲೆ ಎತ್ತಲಿಲ್ಲ. ಬ್ರೇಕು ಹಾಕಿ ಗಾಡಿ ನಿಂತಾಗ ಮುಂದಿನ ಚಕ್ರಕ್ಕೂ ಚಿನ್ನುವಿಗೂ ನಡುವೆ ಎರಡು ಮೊಳವೂ ಇರಲಿಲ್ಲ.

ಮಂಚಮ್ಮ ಓಡಿಬಂದು ಮಗುವನ್ನು ಬಾಚಿಕೊಂಡಳು. ಹೆದರಿಕೆಗೆ ಮಗುವಿನ ಬೆನ್ನಿಗೆ ಎರಡು ಏಟು ಹಾಕಿದಳು.

"ಕಿವಿ ಎಲ್ಲಿ ಮಡಗಿದ್ದೆ ಮೊಂಡಿ!"

ಚಿನ್ನು ಅಜ್ಜಿಯ ಮುಖವನ್ನೇ ನೋಡಿತು. ಯಾಕೆ ಹೊಡೆದರು ಎಂದು ಅದಕ್ಕೆ ತಿಳಿಯಲಿಲ್ಲ.

ಅದೇ ವಾರದ ಶನಿವಾರ ಮಧ್ಯಾಹ್ನ ಅಣ್ಣಮ್ಮ ಬಂದಳು. ಅಣ್ಣಮ್ಮ ಅದೇ ಊರಿನ ಮೇಲಿನ ಬೀದಿಯವಳು. ನಾಲ್ಕು ಹಸು, ಒಂದಿಷ್ಟು ಗದ್ದೆ ಇದೆ. ಡೇರಿಗೆ ಹಾಲು ಹಾಕಿ, ಮನೆಗೆಲಸ ಮುಗಿಸಿ, ಇನ್ನೂ ಮೂವರು ಹೆಂಗಸರ ಜೊತೆ ವಾರಕ್ಕೊಮ್ಮೆ ಬೀದಿ ಬೀದಿ ಸುತ್ತುತ್ತಾಳೆ. ಓದು ಬಾರದವರಿಗೆ ಅರ್ಜಿ ಬರೆದುಕೊಡುತ್ತಾರೆ. ಆಸ್ಪತ್ರೆಗೆ ಹೋಗಲು ಹೆದರುವವರ ಜೊತೆ ಹೋಗುತ್ತಾರೆ. ಇವರಿಗೆ ಸಂಬಳವಿಲ್ಲ.

ಮಂಚಮ್ಮನಿಗೆ ಇವರನ್ನು ಕಂಡರೆ ಅನುಮಾನ. "ಏನಣ್ಣಮ್ಮ, ಎಲೆಕ್ಸನ್ನು ಬಂತಾ? ನಮ್ಮ ಬೀದಿ ಗ್ಯಾಪಕ ಬಂದದೆ!"

"ಎಲೆಕ್ಸನ್ನೂ ಇಲ್ಲ, ಏನೂ ಇಲ್ಲ ಕಣಕ್ಕ. ಬಿಸ್ಲು. ಒಂದು ಚೊಂಬು ನೀರು ಕೊಡು" ಎಂದು ಅಣ್ಣಮ್ಮ ಜಗಲಿ ಮೇಲೆ ಕೂತುಬಿಟ್ಟಳು.

ಮಂಚಮ್ಮ ನೀರು ತರುವಾಗ ಬಾಗಿಲ ಹತ್ತಿರ ಒರಗಿಸಿದ್ದ ಸ್ಟೀಲು ತಟ್ಟೆ ಕಾಲಿಗೆ ತಗುಲಿ ಠಣಾರನೆ ಬಿತ್ತು. ಅಣ್ಣಮ್ಮ ಬೆಚ್ಚಿದಳು. ಆಚೆ ಕಟ್ಟಿದ್ದ ಎಮ್ಮೆಯೂ ತಲೆ ಎತ್ತಿತು. ತಟ್ಟೆಗೆ ಬೆನ್ನು ಹಾಕಿ ಕೂತಿದ್ದ ಚಿನ್ನು ಮಾತ್ರ ತನ್ನ ಪಾಡಿಗೆ ಹುಣಸೆ ಬೀಜ ಜೋಡಿಸುತ್ತಲೇ ಇತ್ತು.

ಅಣ್ಣಮ್ಮ ನೀರು ಕುಡಿಯುವುದನ್ನು ಬಿಟ್ಟಳು.

"ಮಂಚಕ್ಕ, ಕೂಸು ತಿರುಗ್ನೇ ಇಲ್ವಲ್ಲ."

"ಆಟದಲ್ಲಿ ಮುಳುಗ್ಯದೆ. ಅದ್ರ ಮೊಂಡುತನ ನಿಂಗೊತ್ತಿಲ್ಲ."

"ಮೊಂಡುತನ ಅಲ್ಲ ಅನ್ಸ್ತದೆ ಕಣಕ್ಕ. ಕಿವಿ ಕೇಳ್ಸ್ತಾ ಇಲ್ವೇನೋ. ಕಿವಿಗೆ ಬೀಳ್ದಿರೋ ಮಾತು ಬಾಯಿಗೆ ಎಂಗೆ ಬಂದಾತು? ಒಂದ್ಸಲ ತೋರ್ಸಾನ."

ಮಂಚಮ್ಮನಿಗೆ ಉರಿದುಹೋಯಿತು. "ನಮ್ ಮನೇಲಿ ಯಾರೂ ಕಿವುಡ್ರಿಲ್ಲ. ನೀರು ಕುಡುದ್ಯಲ್ಲ, ಓಗು ತಾಯಿ!"

ಅಣ್ಣಮ್ಮ ಚೊಂಬು ಕೆಳಗಿಟ್ಟು ಎದ್ದಳು. "ಕ್ವಾಪ ಮಾಡ್ಕಬೇಡ. ಅದ್ರ ಬೆನ್ನಿಂದೆ ನಿಂತ್ಕೊಂಡು ನೀನೇ ಒಂದ್ಸಲ ಕರೆದು ನೋಡು. ಮುಂದೆ ನಿಂತ್ರೆ ಅದು ಮೊಕ ನೋಡಿ ತಿಳ್ಕತದೆ" ಎಂದಷ್ಟೇ ಹೇಳಿ ಹೋದಳು.

ಸಂಜೆವರೆಗೂ ಮಂಚಮ್ಮ ಆ ಕಡೆ ಮನಸ್ಸು ಕೊಡಲಿಲ್ಲ. ಎಮ್ಮೆಗೆ ಹುಲ್ಲು ಹಾಕಿದಳು, ಕೊಟ್ಟಿಗೆ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಆಮೇಲೆ ತಡೆಯಲಾರದೆ ಚಿನ್ನುವಿನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

"ಚಿನ್ನೂ."

ಮಗು ಅಲುಗಲಿಲ್ಲ.

"ಚಿನ್ನೂ! ಲೇ ಚಿನ್ನವ್ವಾ!"

ಪಕ್ಕದ ಮನೆಯವರು ಏನಾಯಿತು ಎಂದು ಇಣುಕಿದರು. ಮಗು ಇಣುಕಲಿಲ್ಲ. ಮಂಚಮ್ಮ ಹಿತ್ತಾಳೆ ತಂಬಿಗೆ ತಂದು ಚಮಚದಿಂದ ಬಡಿದಳು. ಬಡಿದೇ ಬಡಿದಳು. ಚಿನ್ನು ಒಂದು ಹುಣಸೆ ಬೀಜ ಎತ್ತಿ ಇನ್ನೊಂದರ ಮೇಲೆ ಇಟ್ಟಿತು.

ಮಂಚಮ್ಮ ತಂಬಿಗೆ ಕೆಳಗಿಟ್ಟು ಅಲ್ಲೇ ಕೂತಳು. ಇಷ್ಟು ದಿನ ಕರೆದದ್ದು, ಬೈದದ್ದು, ಜೋಗುಳ ಹಾಡಿದ್ದು ಒಂದೂ ಈ ಕೂಸಿಗೆ ಮುಟ್ಟಿಲ್ಲ. ಹೊಡೆದ ಏಟು ಮಾತ್ರ ಮುಟ್ಟಿದೆ. ಅದನ್ನು ನೆನೆದು ಅವಳಿಗೆ ಅಳು ಬಂತು. ಚಿನ್ನು ತಿರುಗಿದಾಗ ಅಜ್ಜಿ ಅಳುವುದು ಕಂಡಿತು. ಹತ್ತಿರ ಬಂದು ಸೆರಗಿನಿಂದ ಅವಳ ಕಣ್ಣೊರೆಸಿತು.

ಮಾರನೇ ದಿನ ಮಂಚಮ್ಮ ತಾನೇ ಮೇಲಿನ ಬೀದಿಗೆ ಹೋದಳು. ಅಣ್ಣಮ್ಮ ಸಗಣಿ ಬಾಚುತ್ತಿದ್ದಳು.

"ಅಣ್ಣಮ್ಮ, ಯಾವ ಆಸ್ಪತ್ರೇಲಿ ತೋರ್ಸಾನ?"

ಹೋಗುವುದು ಅಷ್ಟು ಸುಲಭವಿರಲಿಲ್ಲ. ಮೊದಲು ಪುಟ್ಟರಾಜುವೇ ಅಡ್ಡ ಬಂದ.

"ಸುಮ್ಕಿರವ್ವ. ಕಿವಿಗೆ ಮಿಸೀನು ಹಾಕ್ಸಿದ್ರೆ ಎಲ್ರೂ ಆಡ್ಕತಾರೆ, ನಾಳೆ ಕಟ್ಕಳೋರು ಯಾರು? ಎಣ್ ಮಗ."

"ಲೇ ಪುಟ್ಟರಾಜು, ನೀನೂ ಮೂಗ್ಗೆ ಕನ್ನಡ್ಕ ಹಾಕ್ಕಂಡು ಪೇಪರು ಓದ್ತೀಯಲ್ಲ, ಯಾರ್ಲಾ ಆಡ್ಕಂಡ್ರು ನಿನ್ನ?" ಎಂದಳು ಮಂಚಮ್ಮ. "ಮೊನ್ನೆ ಟ್ರಾಕ್ಟರು ಚಕ್ರಕ್ಕೆ ಸಿಕ್ಕಿದ್ರೆ ಯಾರ್ಗೆ ಕಟ್ತಿದ್ದೆ ಅವಳ್ನ?"

"ಆಯ್ತು, ಕರ್ಕಂಡೋಗಿ" ಎಂದ ಪುಟ್ಟರಾಜು. ಅವನಿಗೂ ಒಳಗೆ ಭಯವಿತ್ತು. ಅದನ್ನು ಹೇಳಿಕೊಳ್ಳಲು ಬರುತ್ತಿರಲಿಲ್ಲ, ಅಷ್ಟೆ.

ಕೆ.ಆರ್. ಪೇಟೆ ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಟ್ಟರು. ಹೆಂಗಸರಿಗೆ ಬಸ್ಸು ಫ್ರೀ, ಅದೇನೋ ಸರಿ. ಆದರೆ ಸ್ನೇಹ ಮೈಸೂರಿನಲ್ಲಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಮಂಚಮ್ಮನಿಗೆ ಮಂಡಿ ನೋವು. ಅವಳೂ ಹೊರಟರೆ ಮನೆಯಲ್ಲಿ ಎಮ್ಮೆ ನೋಡುವವರು ಯಾರು?

ಅಣ್ಣಮ್ಮನ ಗುಂಪಿನ ನಾಲ್ವರೂ ಮಂಚಮ್ಮನ ಜಗಲಿ ಮೇಲೆ ಕೂತು ಹಂಚಿಕೊಂಡರು. ಅಣ್ಣಮ್ಮ ಬಸ್ಸಿನಲ್ಲಿ ಜೊತೆಗೆ ಹೋಗುವುದು. ಮಂಚಮ್ಮ ಹೊರಟ ದಿನ ಮಂಗಳಮ್ಮ ಎಮ್ಮೆ ನೋಡುವುದು. ಆಧಾರು, ರೇಷನ್ ಕಾರ್ಡು, ಆದಾಯದ ಸರ್ಟಿಫಿಕೇಟು ಎಲ್ಲಾ ಜೋಡಿಸುವ ಕೆಲಸ ಕಾಲೇಜು ಓದಿದ ಅರ್ಪಿತಳದು. ಕುಳ್ಳಮ್ಮ ಮಾತ್ರ, "ನಂಗೆ ಓದು ಬರಕ್ಕಿಲ್ಲ, ಮೈಸೂರು ದಾರಿನೂ ಗೊತ್ತಿಲ್ಲ. ಓಗೋರ್ಗೆ ಬುತ್ತಿ ಕಟ್ಕೊಡ್ತೀನಿ" ಎಂದಳು. ಅವತ್ತಿನಿಂದ ಮೈಸೂರಿಗೆ ಹೋದ ದಿನವೆಲ್ಲ ಕುಳ್ಳಮ್ಮನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಚಿನ್ನುವಿಗೆಂದು ಬೇರೆ ಒಂದು ಬೆಲ್ಲದಚ್ಚು.

ಪಾಂಡವಪುರ ದಾಟಿ, ಶ್ರೀರಂಗಪಟ್ಣ ದಾಟಿ, ಬಸ್ಸು ಕಾವೇರಿ ಸೇತುವೆ ಹತ್ತಿದಾಗ ಚಿನ್ನು ಕಿಟಕಿಗೆ ಮೂಗು ಒತ್ತಿ ಕೂತಿತ್ತು. ಸ್ನೇಹ ಮಾತ್ರ ಅಣ್ಣಮ್ಮನ ಕೈ ಬಿಡಲಿಲ್ಲ.

ಪರೀಕ್ಷೆ ಮಾಡಿದ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ಎರಡೂ ಕಿವಿಗೆ ತುಂಬಾ ಕಡಿಮೆ ಕೇಳಿಸುತ್ತಿದೆ. ಹುಟ್ಟಿದಾಗಿನಿಂದಲೇ ಇರಬೇಕು. ಇದು ಯಾರ ತಪ್ಪೂ ಅಲ್ಲ. ಯಂತ್ರ ಹಾಕಿ, ಮಾತಿನ ತರಬೇತಿ ಕೊಡಿಸೋಣ. ಇನ್ನೂ ಮೊದಲೇ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು. ಈಗಲಾದರೂ ಬಂದಿರಿ."

ಕಡಿಮೆ ಆದಾಯದವರಿಗೆ ಇರುವ ಸರ್ಕಾರಿ ಯೋಜನೆಯಲ್ಲಿ ಚಿನ್ನುವಿನ ಯಂತ್ರಗಳಿಗೆ ದುಡ್ಡು ಕೊಡಬೇಕಾಗಲಿಲ್ಲ. ಯಂತ್ರ ಹಾಕುವ ದಿನ ಮಂಚಮ್ಮ ಮಂಡಿ ನೋವನ್ನೂ ಲೆಕ್ಕಿಸದೆ ಬಂದಿದ್ದಳು. ಹಾಕಿ ಗುಂಡಿ ಒತ್ತಿದ ಮೇಲೆ ಮಂಚಮ್ಮ ಹಿಂದಿನಿಂದ ಮೆಲ್ಲಗೆ, "ಚಿನ್ನವ್ವಾ" ಎಂದಳು.

ಮಗು ಬೆಚ್ಚಿಬಿದ್ದು ಜೋರಾಗಿ ಅತ್ತಿತು. ತನ್ನ ಅಳು ತನಗೇ ಕೇಳಿ, ಹೆದರಿ, ಅಳು ನಿಲ್ಲಿಸಿತು. ಆಮೇಲೆ ಸುತ್ತಲೂ ನೋಡಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೊದಲ ತಿಂಗಳು ಚಿನ್ನು ಯಂತ್ರವನ್ನು ಕಿತ್ತು ಕಿತ್ತು ಎಸೆಯಿತು. ಒಂದು ಸಲ ಎಮ್ಮೆಯ ಕಲಗಚ್ಚಿಗೇ ಹಾಕಲು ಹೋಗಿತ್ತು. ಮಂಚಮ್ಮ ಕೈಚಾಚಿ ಹಿಡಿದುಕೊಂಡಳು. "ನನ್ ಕೈಲಾಗಕ್ಕಿಲ್ಲ ಕಣಣ್ಣಮ್ಮ. ಐದು ತಿಂಗ್ಳಾದ್ರೂ ಒಂದು ಮಾತಿಲ್ಲ" ಎಂದು ಒಂದು ದಿನ ಸೋತೇ ಹೋದಳು.

"ಮಾತು ಕೇಳಕ್ಕೆ ಶುರು ಮಾಡಿ ಐದೇ ತಿಂಗ್ಳು ಕಣಕ್ಕ ಅದು. ಐದು ತಿಂಗ್ಳ ಕೂಸು ಮಾತಾಡ್ತದಾ? ವಸಿ ತಾಳು" ಎಂದಳು ಅಣ್ಣಮ್ಮ.

ಮೈಸೂರಿನ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಮಂಚಮ್ಮ ಮಾತಾಡುತ್ತಲೇ ಇದ್ದಳು. ಮಗುವಿನ ಎದುರು ಕೂತು, ಮುಖ ತೋರಿಸಿ, ಒಂದೊಂದೇ ಮಾತು. ಇದು ನೀರು. ಇದು ಕೋಳಿ. ಎಮ್ಮೆ ನೋಡು, ಎಮ್ಮೆ. ಬೀದಿಯವರು ಮುದುಕಿಗೆ ಅರಳುಮರಳು ಅಂದುಕೊಂಡರು.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಮಂಚಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿ ಚಿನ್ನುವಿನ ಬಾಯಿಗೆ ಹಿಡಿದಳು. ಚಿನ್ನು ಮುಖ ತಿರುಗಿಸಿತು. ಮತ್ತೆ ಹಿಡಿದಳು. ಚಿನ್ನು ಅಜ್ಜಿಯ ಕೈ ತಳ್ಳಿ, ಹುಬ್ಬು ಗಂಟು ಹಾಕಿ, ಸ್ಪಷ್ಟವಾಗಿ ಹೇಳಿತು:

"ಬ್ಯಾಡ!"

ಮಂಚಮ್ಮ ತಟ್ಟೆ ಬಿಟ್ಟು ಎದ್ದಳು. ಎಂಜಲು ಕೈಯಲ್ಲೇ ಬೀದಿಗೆ ಓಡಿದಳು. "ಬ್ಯಾಡ ಅಂದ್ಲು ಕಣ್ರೋ! ನನ್ ಮೊಮ್ಮಗ್ಳು ಬ್ಯಾಡ ಅಂದ್ಲು!" ಒಂದು ಮಗು ಊಟ ಬೇಡ ಅಂದದ್ದಕ್ಕೆ ಇಷ್ಟು ಸಂತೋಷಪಟ್ಟ ಮನೆಯನ್ನು ಆ ಬೀದಿ ನೋಡಿರಲಿಲ್ಲ. ಪುಟ್ಟರಾಜು ಅವತ್ತು ಕೂಲಿಗೆ ತಡವಾಗಿ ಹೋದ. ಮಗಳ ಬಾಯಿಂದ ಇನ್ನೊಂದು ಸಲ ಬ್ಯಾಡ ಅನ್ನಿಸಬೇಕು ಎಂದು ಮುದ್ದೆ ಹಿಡಿದು ಕೂತಿದ್ದ.

ಈಗ ಶನಿವಾರ ಮಧ್ಯಾಹ್ನ ಆ ಊರಿನ ಬೀದಿಗಳಲ್ಲಿ ಸುತ್ತುವವರು ಐದು ಜನ. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮಂಚಮ್ಮನೂ ಹೊರಡುತ್ತಾಳೆ. ಎಳೆ ಕೂಸು ಇರುವ ಮನೆ ಕಂಡರೆ ಒಳಗೆ ಹೋಗಿ ಕೂರುತ್ತಾಳೆ. ಯಾರಾದರೂ ಸಿಟ್ಟು ಮಾಡಿದರೆ ಬೇಸರ ಮಾಡಿಕೊಳ್ಳುವುದಿಲ್ಲ. "ಬಯ್ಯವ್ವ, ಬಯ್ಯಿ. ನಾನೂ ಬೈದಿದ್ದೆ" ಅನ್ನುತ್ತಾಳೆ.

ತಾಯಂದಿರೇ, ಅಜ್ಜಿಯಂದಿರೇ, ಇದನ್ನು ಕೇಳುತ್ತಿರುವ ಅಪ್ಪಂದಿರೇ, ನಿಮ್ಮ ಮನೆಯ ಕೂಸು ದೊಡ್ಡ ಸದ್ದಿಗೆ ಬೆಚ್ಚುತ್ತದೆಯೇ? ಆರು ತಿಂಗಳಾದ ಮೇಲೆ ದನಿ ಬಂದ ಕಡೆಗೆ ತಿರುಗುತ್ತದೆಯೇ? ವರ್ಷ ತುಂಬಿ ಕೆಲವು ತಿಂಗಳಾದರೂ ಒಂದು ಮಾತೂ ಇಲ್ಲವೇ? ಅನುಮಾನ ಬಂದರೆ ಮೂರು ವರ್ಷ ಆಗಲಿ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಹೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇನ್ನು, ನಿಮ್ಮ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರೆ, ವಾರಕ್ಕೊಂದು ಮಧ್ಯಾಹ್ನ ನೆರೆಯವರಿಗೆ ಕೊಡಿ. ಓದು ಬಂದರೆ ಅರ್ಜಿ ಬರೆದುಕೊಡಿ, ದಾರಿ ಗೊತ್ತಿದ್ದರೆ ಜೊತೆಗೆ ಹೋಗಿ. ಎರಡೂ ಇಲ್ಲದಿದ್ದರೆ ನಾಲ್ಕು ರೊಟ್ಟಿ ಬುತ್ತಿ ಕಟ್ಟಿಕೊಡಿ. ಆಸ್ಪತ್ರೆಯ ದಾರಿ ದೂರ. ಜೊತೆಗೊಬ್ಬರಿದ್ದರೆ ಬಡವರೂ ಅದನ್ನು ನಡೆದು ಮುಟ್ಟುತ್ತಾರೆ.