ಪ್ರೂಯಿಟ್ ಹುಡುಗಿಯರ ಆರನೇ ಆಟ

ನನಗೆ ನಲವತ್ತು ದಾಟಿತು ಮಾರಾಯ್ರೇ, ಈಗಲೂ ಪ್ರತಿ ಶನಿವಾರ ನಾಲ್ಕೂವರೆಗೆ ಎದ್ದು ಯಾರದೋ ಮಕ್ಕಳ ಬ್ಯಾಟುಗಳನ್ನು ವ್ಯಾನಿಗೆ ತುಂಬುತ್ತೇನೆ. ಏಪ್ರಿಲ್‌ನಿಂದ ಜುಲೈವರೆಗೆ ಮನೆಯಲ್ಲಿ ಕಳೆದ ಭಾನುವಾರ ಒಂದೂ ಇಲ್ಲ. ಹೋದ ವಾರ ತುಲ್ಸಾ, ಈ ವಾರ ಸಲೈನಾ, ಮುಂದಿನ ವಾರ ಇನ್ಯಾವ ಸುಡುಗಾಡೋ. ಇದು ಅಪ್ಪ ಇಪ್ಪತ್ತೆಂಟು ವರ್ಷ ನಡೆಸಿದ ಹುಡುಗಿಯರ ಸಾಫ್ಟ್‌ಬಾಲ್ ತಂಡ. ಹೋದ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಮಣ್ಣು ಮಾಡಿ ಬಂದು ಚರ್ಚಿನ ಹಜಾರದಲ್ಲಿ ಊಟಕ್ಕೆ ಕೂತಿದ್ದೆವಷ್ಟೇ, ತಂಡದ ಹುಡುಗಿಯರ ತಾಯಂದಿರು ಸುತ್ತ ನಿಂತು, "ಕೆಂಡ್ರಾ, ಇನ್ಮೇಲೆ ನೀನೇ" ಅಂದುಬಿಟ್ಟರು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಹುಡುಗಿಯರ ಅಂಗಿಯ ಮೇಲೆ ಇವತ್ತಿಗೂ ಪ್ರೂಯಿಟ್ ಅಂತ ಅವನ ಹೆಸರೇ ಇದೆ.

ಸಲೈನಾದಲ್ಲಿ ಶನಿವಾರ ಮೂರು ಆಟ, ಭಾನುವಾರ ಮಧ್ಯಾಹ್ನದೊಳಗೆ ಎರಡು. ಐದನ್ನೂ ಗೆದ್ದೆವು. ಐದರಲ್ಲೂ ಚೆಂಡೆಸೆದವಳು ಟೆಸ್ಸಾ, ಹನ್ನೆರಡು ವರ್ಷದ ಹುಡುಗಿ. ತೋಳನ್ನು ಒಂದು ಸುತ್ತು ಗಿರ್ರನೆ ತಿರುಗಿಸಿ ಸೊಂಟದ ಹತ್ತಿರದಿಂದ ಬಿಟ್ಟಳೆಂದರೆ ಎದುರು ಬ್ಯಾಟ್ ಹಿಡಿದವಳು ಕಣ್ಣು ಮುಚ್ಚಬೇಕು, ಅಂಥ ಎಸೆತ. ನಮ್ಮಲ್ಲಿ ಬೇಸ್‌ಬಾಲ್ ಆಡುವ ಗಂಡುಮಕ್ಕಳು ಎಸೆದ ಒಂದೊಂದು ಚೆಂಡನ್ನೂ ಎಣಿಸುತ್ತಾರೆ, ಭುಜ ಹಾಳಾದೀತು ಅಂತ. ಹೆಣ್ಣುಮಕ್ಕಳದ್ದು ಎಣಿಸುವವರಿಲ್ಲ. "ಮೇಲಿಂದ ಎಸೆದ್ರೆ ತಾನೇ ಭುಜ ಹೋಗೋದು? ಕೆಳಗಿಂದ ಎಸೆದ್ರೆ ದಿನಪೂರ್ತಿ ಎಸೀಬಹುದು" ಅನ್ನುತ್ತಿದ್ದ ಅಪ್ಪ. ಆ ಮಾತು ಈ ಸೀಮೆಗೆಲ್ಲ ವೇದವಾಕ್ಯ.

ಭಾನುವಾರದ ಮೊದಲ ಆಟದಲ್ಲೇ ನಾನೊಂದು ನೋಡಿದ್ದೆ. ಟೆಸ್ಸಾ ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕೇಳಿದರೆ ಹೇಳಿಯಾಳು, ಹೇಳಿದರೆ ಕೂರಿಸಬೇಕು, ಕೂರಿಸಿದರೆ ಸೋಲುತ್ತೇವೆ. ನಾನು ಕೇಳಲಿಲ್ಲ. ಮತ್ತೂ ಒಂದು ಆಟ ಅವಳ ಕೈಯಲ್ಲೇ ಎಸೆಸಿದೆ.

ಫೈನಲ್‌ಗೆ ಅರ್ಧ ಗಂಟೆ ಇತ್ತು. ಬಿಸಿಲಿಗೆ ತಲೆ ಚಿಟ್ಟು ಹಿಡಿದಿತ್ತು, ಎಲ್ಲಾದರೂ ಬಿದ್ದುಕೊಂಡರೆ ಸಾಕು ಅನ್ನಿಸುತ್ತಿತ್ತು. ಆಡುವವರ ಹೆಸರು ಬರೆಯಲು ಕೂತಿದ್ದೆ. ಆಗ ಟೆಸ್ಸಾ ತಂಡದ ಇನ್ನೊಬ್ಬಳಿಗೆ, "ಕೋರಾ, ನನ್ನ ಜುಟ್ಟು ಕಟ್ಟೇ" ಅಂದದ್ದು ಕೇಳಿಸಿತು. ತನ್ನ ಜಡೆಯನ್ನು ಇನ್ನೊಬ್ಬರಿಗೆ ಮುಟ್ಟಗೊಡದ ಹುಡುಗಿ ಅವಳು. ಹಾಗಾದರೆ ತೋಳು ತಲೆಯವರೆಗೆ ಏಳುತ್ತಿಲ್ಲ.

ಎದ್ದು ಹೋದೆ. "ಕೈ ನೋಯ್ತಿದೆಯಾ?"

"ಇಲ್ಲ ಕೋಚ್." ನನ್ನ ಮಾತು ಮುಗಿಯುವ ಮೊದಲೇ ಉತ್ತರ ಬಂತು.

ಭುಜದ ಮುಂದಿನ ಭಾಗದಲ್ಲಿ ಎಲ್ಲಿ ಒತ್ತಬೇಕೆಂದು ನನಗೆ ಗೊತ್ತು. ಮೆತ್ತಗೆ ಒತ್ತಿದೆ. ಹುಡುಗಿ ತುಟಿ ಕಚ್ಚಿಕೊಂಡಳು, ಕಣ್ಣಲ್ಲಿ ನೀರು ತುಂಬಿತು. ನಾನು ವಾಪಸ್ ಬಂದು ಟೆಸ್ಸಾಳ ಹೆಸರಿನ ಜಾಗದಲ್ಲಿ ಕೋರಾ ಅಂತ ಬರೆದು ಚೀಟಿಯನ್ನು ಅಂಪೈರ್ ಕೈಗೆ ಕೊಟ್ಟೆ. ಕೋರಾ ಒಳ್ಳೆ ಹುಡುಗಿ, ಪಾಪ, ಆದರೆ ಅವಳೆಸೆದ ಚೆಂಡನ್ನು ನನ್ನಮ್ಮನೂ ಹೊಡೆದಾಳು.

ಟೆಸ್ಸಾಳ ತಾಯಿ ಶೌನಾ ದಡದಡ ಬಂದಳು. ಒಂದು ಕಾಲದಲ್ಲಿ ಇದೇ ತಂಡದಲ್ಲಿ ನಾನು ಚೆಂಡೆಸೆಯುತ್ತಿದ್ದೆ, ಹಿಡಿಯುತ್ತಿದ್ದವಳು ಇವಳೇ.

"ತಲೆ ಕೆಟ್ಟಿದೆಯೇನೇ ನಿಂಗೆ? ಫೈನಲ್ ಕಣೇ ಇದು!"

"ಅವಳಿಗೆ ಭುಜ ನೋವಿದೆ."

"ಐಸ್ ಇಟ್ರೆ ಹೋಗುತ್ತೆ. ನಿಮ್ಮಪ್ಪ ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ."

"ಮಾಡ್ತಿರ್ಲಿಲ್ಲ, ನಿಜ. ಅದಕ್ಕೇ ನನ್ನ ಭುಜ ಹೋಯ್ತು. ಅಪ್ಪ ನೆಟ್ಟ ಆಲದ ಮರ ಅಂತ ನಿನ್ನ ಮಗಳನ್ನೂ ಅದಕ್ಕೇ ನೇಣು ಹಾಕ್ಲಾ?"

ಬಾಯಿಂದ ಬಂದೇಬಿಟ್ಟಿತು. ಹದಿನೈದನೇ ವಯಸ್ಸಿನಲ್ಲಿ ವಿಚಿಟಾದಲ್ಲಿ ಒಂದೇ ಭಾನುವಾರ ಐದು ಆಟ ಎಸೆದೆ. ಅಪ್ಪ ಟ್ರೋಫಿ ಎತ್ತಿ ಹಿಡಿದು ಕುಣಿದ. ಆಮೇಲೆ ನಾನು ಚೆಂಡು ಮುಟ್ಟಲಿಲ್ಲ. ಬೇಜಾರು ಬಂತು, ಆಡಲ್ಲ ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಅಪ್ಪ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ. ನೋವಿನ ವಿಷಯ ಅವನಿಗೆ ಕೊನೆಗೂ ಹೇಳಲಿಲ್ಲ, ಹೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ.

ಶೌನಾಳ ದನಿ ಇಳಿಯಿತು. "ಆವತ್ತು ವಿಚಿಟಾದಲ್ಲಿ ಮೂರನೇ ಆಟದಿಂದಲೇ ನಿನ್ನ ಚೆಂಡಲ್ಲಿ ಜೀವ ಇರ್ಲಿಲ್ಲ ಕಣೇ. ನಾನು ನಿಮ್ಮಪ್ಪಂಗೆ ಹೇಳಿದ್ದೆ."

"ಹೇಳಿದ್ಯಾ? ಏನಂದ?"

"'ಅವಳೇ ಏನೂ ಹೇಳ್ತಿಲ್ವಲ್ಲ' ಅಂದ್ರು."

 ಅಪ್ಪನಿಗೆ ಗೊತ್ತಿತ್ತು. ಅವನಿಗೆ ನೋವಾದೀತೆಂದು ಇಪ್ಪತ್ತೈದು ವರ್ಷ ನಾನು ಬಾಯಿ ಕಟ್ಟಿಕೊಂಡು ಬದುಕಿದೆ, ಅವನಿಗೆ ಆವತ್ತೇ ಗೊತ್ತಿತ್ತು. ಜಗಳವಾಡೋಣವೆಂದರೆ ಮನುಷ್ಯ ಮಣ್ಣಿನಲ್ಲಿದ್ದಾನೆ. ಅಳಲೂ ತ್ರಾಣವಿರಲಿಲ್ಲ. ಶೌನಾ ಐಸ್ ಡಬ್ಬಿಯಿಂದ ಒಂದು ಚೀಲ ತೆಗೆದು, ಮಗಳ ಭುಜಕ್ಕೆಂದು ನನ್ನ ಪಕ್ಕದಲ್ಲಿಟ್ಟು ಹೋದಳು.

ಆಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹನ್ನೊಂದು–ಎರಡರಲ್ಲಿ ಸೋತೆವು. ಕೋರಾ ಅಳುತ್ತಲೇ ಎಸೆದಳು, ಆದರೂ ನಿಲ್ಲಿಸಲಿಲ್ಲ. ಬೇಲಿಯಾಚೆ ಕೂತ ಅಪ್ಪಂದಿರು ನನಗೆ ಕೇಳುವಷ್ಟು ಜೋರಾಗಿಯೇ ಮಕ್ಕಳನ್ನು ಬೇರೆ ತಂಡಕ್ಕೆ ಸೇರಿಸುವ ಮಾತಾಡಿದರು. ಆಡಲಿ ಬಿಡಿ.

ಟೆಸ್ಸಾ ಬೆಂಚಿನ ತುದಿಯಲ್ಲಿ ಭುಜಕ್ಕೆ ಐಸ್ ಒತ್ತಿಕೊಂಡು ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

"ಯಾವಾಗಿಂದ ನೋವು?"

"ನಿನ್ನೆಯಿಂದ."

"ಹೇಳ್ಬಾರ್ದಿತ್ತಾ ಪುಟ್ಟಾ?"

ಅವಳು ಬೂಟಿನ ಮಣ್ಣನ್ನು ಬೆಂಚಿಗೆ ಒರೆಸಿದಳು. ಆಮೇಲೆ, "ಬೆಳಿಗ್ಗೆ ನಾನು ನೀರು ಕುಡೀವಾಗ ನೀವು ನೋಡಿದ್ರಲ್ಲ ಕೋಚ್. ನೋಡಿ ಸುಮ್ನಿದ್ರಿ. ಇಷ್ಟು ನೋವು ಎಲ್ರಿಗೂ ಇರುತ್ತೇನೋ ಅನ್ಕೊಂಡೆ" ಅಂದಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಲ್ಲ ಪುಟ್ಟಾ, ನಾನು ನೋಡಲಿಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನಾಗಿದ್ದರೆ ಅದನ್ನೇ ಹೇಳುತ್ತಿದ್ದನೋ ಏನೋ.

"ನೋಡಿದ್ದೆ" ಅಂದೆ. "ನೋಡಿಯೂ ಸುಮ್ನಿದ್ದೆ. ತಪ್ಪು ನಂದು."

ಅವಳು ತಲೆಯಾಡಿಸಿದಳು. ಕೂತಲ್ಲೇ ಸ್ವಲ್ಪ ಆಚೆ ಸರಿದು, ತಾಯಿ ಎಲ್ಲಿದ್ದಾಳೆಂದು ಹುಡುಕತೊಡಗಿದಳು.