ಆರು ತಿಂಗಳಿಗೆಂದು ಬಂದ ಮಗಳು

ನನ್ನ ಮಗಳು ನಿಕಿತಾ ಹನ್ನೆರಡು ವರ್ಷಗಳಿಂದ ನನ್ನ ಮನೆಯಲ್ಲೇ ಕಾನೂನಿಗೆ ವಿರುದ್ಧವಾಗಿ ವಾಸವಾಗಿದ್ದಾಳೆ ಎಂದು ನನಗೆ ಮೊದಲು ಹೇಳಿದವನು ಅಹಮದಾಬಾದಿನ ನವರಂಗಪುರದ ಟ್ರಾವೆಲ್ ಏಜೆಂಟ್ ಬಿಪಿನ್‌ಭಾಯಿ. ಹೇಳುವಾಗ ಅವನು ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ.

ಅದು ೧೯೯೬ನೇ ಇಸವಿ. ನಾವಿರುವುದು ವಡೋದರದಲ್ಲಿ. ನಿಕಿತಾಳ ಶಾಲೆಯ ಗರ್ಬಾ ತಂಡಕ್ಕೆ ನವರಾತ್ರಿಗೆ ನೈರೋಬಿಯ ಗುಜರಾತಿಗಳಿಂದ ಆಹ್ವಾನ ಬಂದಿತ್ತು. ಧಾರವಾಡದವರ ಕೂಸು ಗುಜರಾತಿಗಳ ತಂಡದಲ್ಲಿ ಮೊದಲ ಸಾಲಿನಲ್ಲಿ ಕುಣಿಯುತ್ತಿತ್ತು. ಉಳಿದ ಹುಡುಗಿಯರ ಅಪ್ಪಂದಿರು ಪಾಸ್‌ಪೋರ್ಟಿಗಾಗಿ ಓಡಾಡುತ್ತಿದ್ದಾಗ ನಾನು ಹೆಡ್‌ಮಿಸ್ಟ್ರೆಸ್ ಎದುರು ಕುತ್ತಿಗೆ ಉದ್ದ ಮಾಡಿ, "ನಮ್ಮವಳಿಗೆ ಅದರ ಚಿಂತೆ ಇಲ್ಲ, ಅವಳದು ಅಮೆರಿಕದ್ದು" ಎಂದಿದ್ದೆ.

ಅಮೆರಿಕದ್ದೇ ಹೌದು. ನನ್ನ ಗಂಡ ಲಿಂಗರಾಜರು ಇಲ್ಲಿಯ ಸರಕಾರಿ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಎಂಜಿನಿಯರು. ಕಾರ್ಖಾನೆ ಅವರನ್ನು ಎರಡು ವರ್ಷ ಓಹಾಯೋಕ್ಕೆ ಕಳಿಸಿದ್ದಾಗ, ಎಂಬತ್ತೆರಡರಲ್ಲಿ, ನಿಕಿತಾ ಅಲ್ಲಿ ಹುಟ್ಟಿದಳು. ಹುಟ್ಟಿದ ಮಣ್ಣಿನ ಲೆಕ್ಕದಲ್ಲಿ ಅವಳು ಅಲ್ಲಿಯ ಪ್ರಜೆ. ಎಂಬತ್ತನಾಲ್ಕರಲ್ಲಿ ಅವಳ ನೀಲಿ ಪಾಸ್‌ಪೋರ್ಟಿನ ಮೇಲೆ ಆರು ತಿಂಗಳ ಭಾರತದ ವೀಸಾ ಹೊಡೆಸಿಕೊಂಡು ವಾಪಸು ಬಂದೆವು. ಅಂದಿನಿಂದ ಆ ಪುಸ್ತಕವನ್ನು ನಾನು ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ. ಬಂದವರಿಗೆಲ್ಲ ಸೀರೆ ತೋರಿಸುವ ನೆಪದಲ್ಲಿ ಅದನ್ನೂ ತೋರಿಸುತ್ತಿದ್ದೆ. ಪಕ್ಕದ ರಮೀಲಾಬೆನ್ ಅದನ್ನು ನೋಡಿದ ಮೇಲೆ, ಹನ್ನೊಂದು ವರ್ಷದ ನಿಕಿತಾಳ ಜಾತಕ ಕೇಳಿದ್ದಳು. ಅವಳ ಮಗನಿಗಾಗ ಹದಿಮೂರು.

ನೈರೋಬಿಯ ಟಿಕೆಟಿಗೆಂದು ನಿಕಿತಾಳನ್ನು ಕರೆದುಕೊಂಡು ಹೋದಾಗ ಬಿಪಿನ್‌ಭಾಯಿ ಆ ಪುಸ್ತಕದ ಹಾಳೆ ಮಗುಚಿ, "ಭಾಭಿ, ಪಾಸ್‌ಪೋರ್ಟ್ ಸತ್ತು ಎಷ್ಟೋ ಕಾಲ ಆಯ್ತು. ಅದು ಹೋಗಲಿ, ವೀಸಾ ಮುಗಿದು ಹನ್ನೆರಡು ವರ್ಷ. ಬೇಬಿ ಓವರ್‌ಸ್ಟೇ" ಎಂದ.

ನಾನು ನಕ್ಕೆ. "ತನ್ನ ಮನೆಯಲ್ಲಿ ಯಾರಾದರೂ ಓವರ್‌ಸ್ಟೇ ಮಾಡ್ತಾರೇನು ಭಾಯಿ?"

ಅವನು ನಗಲಿಲ್ಲ. ವಿದೇಶಿಯರು ವೀಸಾ ಮೀರಿ ಉಳಿದರೆ ದಂಡ, ಕಾಯ್ದೆಯ ಪ್ರಕಾರ ಐದು ವರ್ಷದವರೆಗೂ ಜೈಲು, ಇಲ್ಲವೇ ದೇಶ ಬಿಡು ಎಂಬ ನೋಟಿಸು ಎಂದ. ಪೊಲೀಸರ ಅನುಮತಿ ಇಲ್ಲದೆ ವಿಮಾನ ಹತ್ತುವಂತಿಲ್ಲ ಎಂದೂ ಸೇರಿಸಿದ.

"ಹೋಗು ಅಂತಲೂ ಹೇಳ್ತಾರೆ, ಹೋಗಲಿಕ್ಕೂ ಬಿಡೋದಿಲ್ಲ?"

"ಹಾಂ, ಎರಡೂ" ಎಂದು ಅವನು ಬಸಿ ಕೆಳಗಿಟ್ಟ.

ವಡೋದರಕ್ಕೆ ಮರಳುವ ರೈಲಿನಲ್ಲಿ ನಿಕಿತಾ ಕಿಟಕಿಯ ಪಕ್ಕ ಕೂತಿದ್ದಳು. ಆಣಂದ್ ದಾಟಿದ ಮೇಲೆ ತನ್ನ ಹರಕುಮುರುಕು ಕನ್ನಡದಲ್ಲಿ, "ಮಮ್ಮಿ, ಪೊಲೀಸ್ ನನಗೆ ವಾಪಸ್ ಅಮೆರಿಕಾ ಭೇಜ್ತಾರಾ? ಅಲ್ಲಿ ನಂದು ಯಾರು ಇದ್ದಾರೆ?" ಎಂದಳು. ಹಾಗೇನೂ ಆಗುವುದಿಲ್ಲ ಎಂದೆ. ಏನಾಗುತ್ತದೆ ಎಂಬುದು ನನಗೇ ತಿಳಿದಿರಲಿಲ್ಲ.

ಮನೆಗೆ ಬಂದಾಗ ನಿಕಿತಾ ನೇರ ಒಳಕೋಣೆಗೆ ಹೋದಳು, ಇವರು ಬೂಟು ಬಿಚ್ಚುತ್ತಿದ್ದರು. ಎಲ್ಲ ಕೇಳಿ, ಒಂದು ಬೂಟು ಕೈಯಲ್ಲೇ ಹಿಡಿದು, "ಆವಾಗ ನೀ ಪೊಲೀಸ್ ಆಫೀಸಿಗೆ ಹೋಗಿ ಬಂದಿದ್ದೆಲ್ಲ, ಇಂದೂ. ಎಲ್ಲಾ ಆತು ಅಂದಿದ್ದಿ" ಎಂದರು.

"ಆಗಿತ್ತರೀ. ಈಗ ಕಾಯ್ದೆ ಬದಲಾಗಿರಬೇಕು" ಎಂದು ನಾನು ಅಡುಗೆಮನೆಗೆ ಹೋದೆ.

ಕಾಯ್ದೆ ಬದಲಾಗಿರಲಿಲ್ಲ. ಎಂಬತ್ತನಾಲ್ಕರಲ್ಲಿ, ವೀಸಾ ಮುಗಿದ ತಿಂಗಳೇ, ಪೊಲೀಸ್ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಕಾರ್ಖಾನೆಯಲ್ಲಿ ವರ್ಷದ ರಿಪೇರಿಯ ಶಟ್‌ಡೌನ್ ನಡೆದು ಇವರು ಮನೆಗೇ ಬರುತ್ತಿರಲಿಲ್ಲ. ನಾನೇ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೋದೆ. ಅಲ್ಲಿಯ ಗುಮಾಸ್ತ ಒಳ್ಳೆಯವನು, ಬಿಡಿಸಿ ಹೇಳಿದ. ಭಾರತದವಳಾಗಿಯೇ ಇರಬೇಕೆಂದರೆ ಈ ಪಾಸ್‌ಪೋರ್ಟ್ ಒಪ್ಪಿಸಿ ಅರ್ಜಿ ಹಾಕಿ. ಅಮೆರಿಕದವಳೆಂದರೆ ಹೆಸರು ನೋಂದಾಯಿಸಿ, ವರ್ಷ ವರ್ಷ ಬಂದು ಪರವಾನಗಿ ತಗೊಳ್ಳಿ. ಎರಡರಲ್ಲಿ ಒಂದು. ನನಗೆ ಎರಡೂ ಬೇಕಾಗಿತ್ತು. ಮಗಳು ನನ್ನವಳೂ ಆಗಿರಬೇಕು, ಆ ನೀಲಿ ಪುಸ್ತಕವೂ ಬೀರುವಿನಲ್ಲಿರಬೇಕು. ನಾಳೆ ಯಜಮಾನರನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಎದ್ದು ಬಂದೆ. ಪತ್ರ ಹರಿದು ಒಲೆಗೆ ಹಾಕಿದೆ. ಪತ್ರದ ಮಾತೆತ್ತದೆ ಇವರಿಗೆ, ಪೊಲೀಸ್ ಆಫೀಸಿಗೆ ಹೋಗಿ ಬಂದೆ, ಎಲ್ಲಾ ಆತು ಎಂದೆ. ಆ ನಾಳೆ ಬರಲೇ ಇಲ್ಲ, ಮತ್ತೆ ಯಾರೂ ಕೇಳಲೂ ಇಲ್ಲ.

ಬಿಪಿನ್‌ಭಾಯಿಯಲ್ಲಿಗೆ ಹೋಗಿ ಬಂದ ಮುಂದಿನ ಶನಿವಾರ, ಯಾರೋ ಹೇಳಿದರೆಂದು ನಾನು, ಇವರು ಸೂರತ್‌ಗೆ ಹೋದೆವು. ಅಲ್ಲಿಯ ಜರೀವಾಲಾ ವಕೀಲರು ಹೊರದೇಶಕ್ಕೆ ಓಡಾಡುವ ವಜ್ರದ ವ್ಯಾಪಾರಿಗಳ ಪಾಸ್‌ಪೋರ್ಟ್ ತಕರಾರುಗಳನ್ನು ನೋಡುವವರು. ಅವರು ಮೊದಲು ಇವರನ್ನು, "ಮಗು ಹುಟ್ಟಿದಾಗ ನೀವು ಭಾರತದ ಪ್ರಜೆಯೇ?" ಎಂದು ಕೇಳಿದರು. ಹೌದು ಎನ್ನುತ್ತಲೇ ಪೆನ್ನು ಮೇಜಿನ ಮೇಲಿಟ್ಟು, "ಹಾಗಾದರೆ ಮಗುವೂ ಹುಟ್ಟಿನಿಂದಲೇ ಭಾರತದ್ದು. ಭಾರತದವಳು ಭಾರತದಲ್ಲಿ ಓವರ್‌ಸ್ಟೇ ಮಾಡುವುದು ಹೇಗೆ?" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅವರು ಇನ್ನೊಂದು ಹಾಳೆ ತಿರುವಿದರು. "ಆದರೆ ಒಳಗೆ ಬಂದದ್ದು ವಿದೇಶಿ ಅಂತ. ವೀಸಾ ಕೇಳಿ ಪಡೆದದ್ದೂ ವಿದೇಶಿ ಅಂತ. ಪುಸ್ತಕ ಯಾವ ದೇಶದ್ದೋ ಮಗು ಆ ದೇಶದ್ದು ಎಂದು ಸರಕಾರ ಹೇಳಬಹುದು."

"ಹಂಗಾರ ಅಕಿ ಯಾರ್ರೀ?" ಎಂದು ನಾನು ಕನ್ನಡದಲ್ಲೇ ಕೇಳಿಬಿಟ್ಟೆ. ಇವರು ಅದನ್ನೇ ವಕೀಲರಿಗೆ ಹಿಂದಿಯಲ್ಲಿ ಹೇಳಿದರು.

"ಅದನ್ನು ದಿಲ್ಲಿ ಹೇಳಬೇಕು" ಎಂದು ವಕೀಲರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅಹಮದಾಬಾದಿನಲ್ಲಿ ವಿದೇಶಿಯಾಗಿದ್ದ ನನ್ನ ಮಗಳು ಸೂರತ್‌ನಲ್ಲಿ ಕಾಲು ಗಂಟೆ ಭಾರತೀಯಳಾಗಿ, ಆಮೇಲೆ ಯಾವುದೂ ಅಲ್ಲದವಳಾದಳು. ಹೊರಡುವಾಗ ವಕೀಲರು ತಡೆದು, "ಒಂದು ಮಾತು. ಆಗ ನಿಮಗೆ ಯಾವುದಾದರೂ ನೋಟಿಸು ಬಂದಿತ್ತೆ? ಗೊತ್ತಿಲ್ಲದೆ ಆದ ತಪ್ಪಿಗೆ ದಾರಿ ಇದೆ. ಗೊತ್ತಿದ್ದೂ ಸುಮ್ಮನಿದ್ದರೆ ಹುಡುಗಿಯನ್ನು ಉಳಿಸಿಕೊಳ್ಳುವುದು ಕಷ್ಟ" ಎಂದರು.

"ಇಲ್ಲ, ಏನೂ ಬಂದಿರಲಿಲ್ಲ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇವರು ಬಾಯಿ ತೆರೆಯುವ ಮೊದಲೇ ಎಂದೆ.

ಸೋಮವಾರ ಮೂವರೂ ವಡೋದರದ ಪೊಲೀಸ್ ಕಚೇರಿಗೆ ಹೋದೆವು. ವಿದೇಶಿಯರ ವಿಭಾಗದ ಸಾಹೇಬರು ಎಂಬತ್ತನಾಲ್ಕರ ರಜಿಸ್ಟರ್ ತರಲು ಹೇಳಿದಾಗ, ಆ ಪತ್ರದ ದಾಖಲೆ ಅದರಲ್ಲಿ ಇದ್ದೇ ಇರುತ್ತದೆ ಎಂದು ಹೆದರಿದೆ. ಪೇದೆ ಅರ್ಧ ಗಂಟೆ ಹುಡುಕಿ, ಸಿಗಲಿಲ್ಲ ಎಂದ. ದೇವರೇ ಕಾಪಾಡಿದ ಎಂದುಕೊಂಡೆ. ಅಂಥ ಕೆಲಸಕ್ಕೂ ದೇವರನ್ನು ಕರೆದೆನಲ್ಲ ಎಂದು ಮರುಕ್ಷಣ ನಾಚಿಕೆಯಾಯಿತು.

ಸಾಹೇಬರು ನಿಕಿತಾಳನ್ನು ಹಿಂದಿಯಲ್ಲಿ ಏನೋ ಕೇಳಿದರು. ಅವಳು ಗುಜರಾತಿಯಲ್ಲಿ ಉತ್ತರಿಸಿದಳು. ಅವರು ಪಾಸ್‌ಪೋರ್ಟಿನ ಫೋಟೋ ನೋಡಿ, ಅವಳನ್ನು ನೋಡಿ, ತಲೆ ಕೆರೆದುಕೊಂಡರು. ಕಡೆಗೆ, "ಹುಡುಗಿ ಚಿಕ್ಕವಳು, ತಪ್ಪು ಅವಳದಲ್ಲ. ಕಾಗದಪತ್ರ ಯಾರ ಕೈಯಲ್ಲಿತ್ತು?" ಎಂದರು.

"ಇಕಿ ಕೈಯಾಗ" ಎಂದು ಇವರು ನನ್ನ ಕಡೆ ನೋಡಿದರು.

ರೈಟರ್ ಗುಜರಾತಿಯಲ್ಲಿ ನನ್ನ ಹೇಳಿಕೆ ಬರೆದ. ತರಕಾರಿ ಕೊಳ್ಳುವಷ್ಟು ಗುಜರಾತಿ ನನಗೆ ಬರುತ್ತದೆ, ಓದಲು ಬಾರದು. ಇವರಿಗೂ ಅಷ್ಟೆ. ನಿಕಿತಾ ಹಾಳೆ ತೆಗೆದುಕೊಂಡು ಒಂದೊಂದೇ ಸಾಲು ಓದಿ ಕನ್ನಡ ಮಾಡಿ ಹೇಳತೊಡಗಿದಳು.

"ನಾನು, ಇಂದುಮತಿ, ಹನ್ನೆರಡು ವರ್ಷ ನನ್ನ ಮನೆಯಲ್ಲಿ ಒಂದು ವಿದೇಶಿ ಹುಡುಗಿ ಇಟ್ಕೊಂಡೆ" ಎಂದವಳು ನಿಲ್ಲಿಸಿ, "ಅದು ನಾನು" ಎಂದಳು. ಮುಂದೆ ಓದಿದಳು. "ನನಗೆ ಕಾಯ್ದೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಒಂದೂ ಕಾಗದ ಬಂದಿಲ್ಲ. ಇದೆಲ್ಲಾ ಸಚ್ ಇದೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಮಗಳು ಹೋಗುತ್ತಾಳೆ, ಸುಳ್ಳು ಹೇಳಿದರೆ ಉಳಿಯುತ್ತಾಳೆ. ಇಷ್ಟು ದಿನಗಳ ಗೊಂದಲದಲ್ಲಿ ಅದೊಂದೇ ನನಗೆ ಸ್ಪಷ್ಟವಾಗಿ ಕಂಡದ್ದು. ರುಜು ಹಾಕಿದೆ. ಸಾಹೇಬರು ಪಾಸ್‌ಪೋರ್ಟನ್ನು ಫೈಲಿಗೆ ಸೇರಿಸಿದರು. ದಿಲ್ಲಿಯಿಂದ ಉತ್ತರ ಬರುವವರೆಗೆ ಹುಡುಗಿ ಇಲ್ಲೇ ಇರಬಹುದು, ಊರು ಬಿಡುವ ಮೊದಲು ತಿಳಿಸಬೇಕು, ಪ್ರತಿ ತಿಂಗಳು ಬಂದು ಸಹಿ ಮಾಡಬೇಕು, ನೈರೋಬಿಯ ಮಾತು ಬೇಡ ಎಂದರು.

ಇವರು ಸ್ಕೂಟರ್ ತರಲು ಹೋದರು. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದೆ. ನಿಕಿತಾ ನನ್ನ ಕೈ ಹಿಡಿದುಕೊಂಡಳು.

"ರೋ ಬೇಡ ಮಮ್ಮಿ. ನಿಂಗೆ ಗೊತ್ತಿರ್ಲಿಲ್ಲ ಅಲ್ಲ. ಗೊತ್ತಿದ್ರೆ ನೀನು ಆಗ್ಲೇ ಮಾಡ್ತಿದ್ದೆ."

ದಂಡ ಕೊಡಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಈ ಮಾತನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

"ಗೊತ್ತಿತ್ತು, ನಿಕ್ಕೀ" ಎಂದೆ. "ಪತ್ರ ಬಂದಿತ್ತು. ನಾನಽ ಹರದ ಹಾಕಿದೆ."

ಅವಳು ನನ್ನ ಮುಖ ನೋಡಿದಳು. ಕೋಪವೋ ಹೆದರಿಕೆಯೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಹಿಂದೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ಪೇದೆಗೆ ಕೇಳಿಸಿತೇನೋ ಎಂದು ನೋಡಿದಳು.

"ಧೀರೆ ಬೋಲ್, ಮಮ್ಮಿ" ಎಂದು ಪಿಸುಗುಟ್ಟಿದಳು. "ಯಾರಿಗೂ ಹೇಳ್ಬೇಡ. ಪಪ್ಪಾಗೂ ಬೇಡ."

ಹೇಳಿ, ನನ್ನ ಕೈ ಬಿಟ್ಟು, ಒಬ್ಬಳೇ ಮೆಟ್ಟಿಲಿಳಿದು ಹೋದಳು.